ಹುಳಿಮಾವಿನವರೆಗೆ ಏರಿದ ಮುಳ್ಳು

ಯಂತ್ರಗಳ ಬಗ್ಗೆ ಬರೆಯುವಷ್ಟು ತಿಳಿವಳಿಕೆ ನನಗಿಲ್ಲ. ನಾನು ಓದಿದ್ದು ವಾಣಿಜ್ಯಶಾಸ್ತ್ರ. ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ ಆದ್ದರಿಂದ ಬರೆಯುವ ಕೆಲಸಗಳೆಲ್ಲ ನನ್ನ ಪಾಲಿಗೇ ಬರುತ್ತವೆ. ಇಲ್ಲಿ ಎಲ್ಲಾದರೂ ತಪ್ಪಿದ್ದರೆ ಬಲ್ಲವರು ಕ್ಷಮಿಸಬೇಕು. ಆ ದಿನದ ಭಯವನ್ನು ಮಾತ್ರ ಸರಿಯಾಗಿಯೇ ಹೇಳಬಲ್ಲೆನೆಂಬ ನಂಬಿಕೆ ನನಗಿದೆ.

ಕಾರು ಅಪ್ಪನದು. ಸಕ್ಕರೆ ಕಾಯಿಲೆಯಿಂದ ಅವರ ದೃಷ್ಟಿ ಮಂಜಾದ ಮೇಲೆ ಅಕ್ಕ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕೆಲಸ ಬಿಟ್ಟು ಅದನ್ನು ಬಾಡಿಗೆಗೆ ಓಡಿಸತೊಡಗಿದ್ದಳು. ಗಾರ್ಮೆಂಟ್ಸ್‌ನಲ್ಲಿ ನೀರು ಕುಡಿಯಲು ಎದ್ದರೂ ಸೂಪರ್‌ವೈಸರ್ ಹೆಸರು ಹಿಡಿದು ಕೂಗುತ್ತಿದ್ದನಂತೆ. ಕಾರಿನಲ್ಲಿ ಅವಳನ್ನು ಕೂಗುವವರು ಯಾರೂ ಇರಲಿಲ್ಲ. ಆದರೆ ಇಂಜಿನ್ ಹೊಗೆ ಉಗುಳತೊಡಗಿತು. ಚಿಕ್ಕಲಸಂದ್ರದ ಒಂದು ಗ್ಯಾರೇಜಿನಲ್ಲಿ ಅದನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಸಿದೆವು.

"ಇದೂ ಕೈಕೊಟ್ರೆ ಗಾಡಿ ಗುಜರಿಗೆ, ನಾನು ವಾಪಸ್ ಹೊಲಿಗೆ ಮೆಷಿನ್ ಮುಂದೆ," ಎಂದು ಅಕ್ಕ ನಗುತ್ತಲೇ ಹೇಳಿದ್ದಳು. ನನಗೆ ನಗು ಬಂದಿರಲಿಲ್ಲ.

ಇಂಜಿನ್ ಪರೀಕ್ಷೆಗೆಂದು ಒಂದು ಭಾನುವಾರ ಬೆಳಿಗ್ಗೆ ಹೊರಟೆವು. ಅಕ್ಕನ ಪಕ್ಕದ ಸೀಟಿನಲ್ಲಿ ಅಪ್ಪ, ಹಿಂದೆ ನಾನು. ಅಪ್ಪನಿಗೆ ಡ್ಯಾಶ್‌ಬೋರ್ಡ್ ಕಾಣುತ್ತಿರಲಿಲ್ಲವಾದ್ದರಿಂದ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನು ಗಮನಿಸುವ ಹೊಣೆ ನನ್ನದಾಗಿತ್ತು. ಎರಡು ಸೀಟುಗಳ ನಡುವೆ ಕತ್ತು ಚಾಚಿ ಕುಳಿತೆ. ಬನಶಂಕರಿ ದಾಟುವವರೆಗೆ ಮುಳ್ಳು ಅಲುಗಲಿಲ್ಲ. ಜೆ.ಪಿ. ನಗರದ ಸಿಗ್ನಲ್ಲಿನಲ್ಲಿ ನಡುವಿಗೆ ಬಂತು. ಬನ್ನೇರುಘಟ್ಟ ರಸ್ತೆಯಲ್ಲಿ ಅಕ್ಕ ಸ್ವಲ್ಪ ವೇಗ ಕೊಟ್ಟದ್ದೇ ತಡ, ಅದು ಮೇಲೇರತೊಡಗಿತು.

"ಅಕ್ಕ, ನಡು ದಾಟಿತು."

"ಎಷ್ಟು ದಾಟಿದೆ? ಸರಿಯಾಗಿ ಹೇಳೇ."

"ಕೆಂಪು ಗೆರೆಗೆ ಒಂದು ಬೆರಳಿನಷ್ಟಿದೆ."

"ಏನಾಗಲ್ಲ, ಓಡ್ಸು. ಹೊಸ ಇಂಜಿನ್ ಮೊದಮೊದಲು ಹಂಗೇ," ಎಂದರು ಅಪ್ಪ. ನನಗೆ ಬೆಲ್ಲ ಸೀದಂಥ ವಾಸನೆ ಬಂತು. ಬಾಯಿ ಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೇನೋ ಎಂದು ಸುಮ್ಮನಿದ್ದೆ. ಹುಳಿಮಾವು ಕೆರೆಯ ಬಳಿ ಬಾನೆಟ್ಟಿನ ಸಂದಿಯಿಂದ ಆವಿ ಎದ್ದಾಗ ಹೇಳುವ ಅಗತ್ಯವೂ ಉಳಿಯಲಿಲ್ಲ. ಅಕ್ಕ ಕಾರನ್ನು ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದಳು.

ಬಾನೆಟ್ ಎತ್ತಿ ತಣಿಯಲು ಬಿಟ್ಟೆವು. ಹಾದುಹೋಗುತ್ತಿದ್ದ ಆಟೋದವನೊಬ್ಬ, "ಏನಕ್ಕ, ಇಡ್ಲಿ ಬೇಯಿಸ್ತಿದೀರಾ?" ಎಂದು ಕೂಗಿದ. "ಬಾರಣ್ಣ, ಪ್ಲೇಟ್ ತಗೊಂಡು ಬಾ!" ಎಂದಳು ಅಕ್ಕ.

ಆವಿ ಅಡಗಿದ ಮೇಲೆ ಅಕ್ಕ ಆಯಿಲ್ ಅಳೆಯುವ ಕಡ್ಡಿಯನ್ನು ಹಿಡಿದುಕೊಂಡು ನಿಂತಳು, ಹೊರಗೆಳೆಯಲಿಲ್ಲ. ಆಯಿಲನ್ನೂ ನೀರನ್ನೂ ಬೇರೆಯಿಡುವ ಒಳಗಿನ ಗ್ಯಾಸ್ಕೆಟ್ ಒಡೆದಿದ್ದರೆ ಇಂಜಿನ್ ತಣಿಸುವ ಕೂಲೆಂಟ್ ಬೆರೆತು ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಇಂಜಿನ್ ಮತ್ತೆ ಪೂರ್ತಿ ಬಿಚ್ಚಬೇಕಾಗುತ್ತದೆ ಎಂದು ಗ್ಯಾರೇಜಿನವರು ಹೇಳಿದ್ದರು. ಆ ಕಡ್ಡಿಯ ತುದಿಯಲ್ಲಿ ಅವಳ ಮುಂದಿನ ಬದುಕೆಲ್ಲ ಅಂಟಿಕೊಂಡಿದೆ ಎಂದು ನನಗನ್ನಿಸಿತು. ಕೊನೆಗೂ ಎಳೆದಳು. ಆಯಿಲ್ ಜೇನಿನ ಬಣ್ಣದಲ್ಲಿ ತಿಳಿಯಾಗಿತ್ತು.

ಸಮಾಧಾನವಾಗಲಿಲ್ಲ. ಹಾಗಾದರೆ ಇಂಜಿನ್ ಕಾದದ್ದೇಕೆ? ಅಕ್ಕ ಬಟ್ಟೆ ಸುತ್ತಿದ ಕೈಯಿಂದ ಒಂದೊಂದೇ ಪೈಪನ್ನು ಮುಟ್ಟಿ ನೋಡಿದಳು. ಇಂಜಿನ್ ಇನ್ನೂ ಕೆಂಡದಂತಿತ್ತು. ಇಂಜಿನ್ನಿನ ಬಿಸಿನೀರನ್ನು ತಣಿಸುವ, ಎಲ್ಲಕ್ಕಿಂತ ಮೊದಲು ಸುಡಬೇಕಾದ ರೇಡಿಯೇಟರ್ ಬರೀ ಉಗುರುಬೆಚ್ಚಗಿತ್ತು.

"ಬಿಸಿನೀರು ಇಲ್ಲಿಗೆ ಬರ್ತಾನೇ ಇಲ್ಲ. ದಾರಿ ಬಿಡೋ ವಾಲ್ವ್, ಆ ಥರ್ಮೋಸ್ಟಾಟ್, ಅಂಟಿಕೊಂಡಿರ್ಬೇಕು," ಎಂದಳು.

"ಅದೆಲ್ಲಿಂದ ಅಂಟ್ಕೊಳುತ್ತೆ?" ಅಪ್ಪ ಸೀಟಿನಿಂದಲೇ ಹೆಮ್ಮೆಯಿಂದ ನುಡಿದರು. "ಇಂಜಿನ್ ಕಟ್ಟೋವಾಗ ನಾನೇ ತೆಗೆಸಿದೀನಿ. ಆ ವಾಲ್ವ್ ಚಳಿ ದೇಶದೋರಿಗೆ. ಇಷ್ಟು ವರ್ಷ ಟ್ಯಾಕ್ಸಿ ಓಡ್ಸಿದೀನಿ, ಹಳೇ ಗಾಡಿ ಒಂದ್ರಲ್ಲೂ ಇಟ್ಟೋನಲ್ಲ."

ಅದು ನಿಜ. ಅವರ ಕಾಲದ ಚಾಲಕರೆಲ್ಲ ಗಾಡಿ ಕೈಗೆ ಬಂದೊಡನೆ ಮೊದಲು ಆ ವಾಲ್ವನ್ನು ಕಿತ್ತುಹಾಕುತ್ತಿದ್ದರು. ಅಕ್ಕ ಗ್ಯಾರೇಜಿನ ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಅಯ್ಯೋ, ಈ ಗಾಡಿಗೆ ಅದು ತೆಗೀಬಾರ್ದು ಅಕ್ಕ," ಎಂದ ಆತ. "ಅದಿಲ್ದಿದ್ರೆ ಬಿಸಿನೀರು ಅಡ್ಡದಾರಿ ಹಿಡಿದು ಇಂಜಿನ್ನಲ್ಲೇ ಸುತ್ತುತ್ತೆ, ರೇಡಿಯೇಟರ್ ಕಡೆ ಪೂರ್ತಿ ಹೋಗಲ್ಲ. ಆದ್ರೆ ಅಂಕಲ್ ಒಂದೇ ಸಮ ಹೇಳಿದ್ರು. ದೊಡ್ಡೋರು, ಇಲ್ಲ ಅನ್ನಕ್ಕಾಗ್ಲಿಲ್ಲ. ಗಾಡಿ ಅವರ್ದು ಅಲ್ವಾ?"

"ಓಡ್ಸೋಳು ನಾನು ಅಣ್ಣ."

ಅಷ್ಟೇ ಅಂದದ್ದು. ದನಿ ಏರಿಸಲೂ ಇಲ್ಲ. ಆದರೂ ಆವಿ ಎದ್ದಾಗಿನ ಭಯಕ್ಕಿಂತ ಆಗಿನ ಭಯವೇ ನನಗೆ ದೊಡ್ಡದಾಗಿತ್ತು. ನಮ್ಮ ಮನೆಯಲ್ಲಿ ಅಪ್ಪನ ಎದುರು ಗಾಡಿಯ ಬಗ್ಗೆ ಯಾರೂ ಹಾಗೆ ಮಾತನಾಡಿದವರಲ್ಲ. ಅಪ್ಪ ಕಾರಿನಿಂದ ಇಳಿದು ತಡವರಿಸುತ್ತ ಬಾನೆಟ್ಟಿನ ಬಳಿ ಬಂದರು. ಬೈಯುತ್ತಾರೆಂದುಕೊಂಡೆ. ಅವರು ಕೈ ಚಾಚಿ ರೇಡಿಯೇಟರನ್ನು ಮುಟ್ಟಿದರು, ಆಮೇಲೆ ಇಂಜಿನ್ನಿನ ಕಡೆಗೆ ಅಂಗೈ ಹಿಡಿದು ಅದರ ಕಾವನ್ನು ನೋಡಿದರು.

"ಹಾಕಿಸ್ಬಿಡವ್ವ," ಎಂದರು.

ಕಾರನ್ನು ಹಗ್ಗ ಕಟ್ಟಿ ಗ್ಯಾರೇಜಿಗೆ ಎಳೆಸಿಕೊಂಡು ಹೋದೆವು. ಹೊಸ ಥರ್ಮೋಸ್ಟಾಟ್ ಹಾಕಿ, ಕಾರಿನ ಮೂತಿಯನ್ನು ಜಾಕಿನಿಂದ ಎತ್ತಿ, ಒಳಗೆ ಸಿಕ್ಕಿಕೊಂಡ ಗಾಳಿಯೆಲ್ಲ ಗುಳ್ಳೆಯಾಗಿ ಹೊರಬರುವವರೆಗೆ ಕೂಲೆಂಟ್ ತುಂಬಿದರು. ಮರುದಿನ ಅದೇ ದಾರಿಯಲ್ಲಿ ಮತ್ತೆ ಹೋದೆವು. ಮುಳ್ಳು ನಡುವಿಗೆ ಬಂದು ನಿಂತಿತು. ಹುಳಿಮಾವು ದಾಟಿದರೂ ಅಲ್ಲೇ ಇತ್ತು. ನಾನು ಮಾತ್ರ ಮನೆ ಸೇರುವವರೆಗೆ ಅದರಿಂದ ಕಣ್ಣು ಕೀಳಲಿಲ್ಲ.

ಆ ನಂತರ ಅಕ್ಕ ಗಾರ್ಮೆಂಟ್ಸ್‌ಗೆ ಹಿಂದಿರುಗಬೇಕಾಗಿ ಬರಲಿಲ್ಲ. ಕಾರಿನ ದಾಖಲೆಯಲ್ಲಿ ಇಂದಿಗೂ ಅಪ್ಪನ ಹೆಸರೇ ಇದೆ. ಆದರೆ ಗ್ಯಾರೇಜಿನವರು ಏನಾದರೂ ಕೇಳಲು ಫೋನ್ ಮಾಡಿದರೆ ಅಪ್ಪ, "ಒಂದ್ನಿಮಿಷ, ಮಗಳನ್ನ ಕೇಳಿ," ಎಂದು ಫೋನನ್ನು ಅಕ್ಕನ ಕೈಗೆ ಕೊಡುತ್ತಾರೆ.