ತಮಿಳಲ್ಲಿ ಕೇಳಿದ ಕನ್ನಡ ಮೇಷ್ಟ್ರು

ತಮಿಳುನಾಡಿಗೆ ಸೇರಿದ ಕನ್ನಡದೂರು ಗೆಟ್ಟವಾಡಿಯಲ್ಲಿ ಅರ್ಜಿ ಬರೆಯುವ ರಾಚಪ್ಪ ಎಂದರೆ ನಾನೇ. ಟೀ ಅಂಗಡಿಯ ಬೆಂಚಿನ ತುದಿಯೇ ನನ್ನ ಆಫೀಸು. ರೇಷನ್ ಕಾರ್ಡಿರಲಿ, ವಿಧವಾ ಪಿಂಚಣಿಯಿರಲಿ, ಸರ್ಕಾರದ ಬಿಟ್ಟಿ ಕಲರ್ ಟೀವಿಯಿರಲಿ, ಜೇಬಿನ ಮೂರೂ ಪೆನ್ನು ತೆಗೆದು ನೋಡಿ, ಕೊನೆಗೆ ಮೊದಲನೆಯದರಲ್ಲೇ ಬರೆಯುತ್ತೇನೆ. ಜನ ಕನ್ನಡದಲ್ಲಿ ಹೇಳಿಕೊಂಡ ಕಷ್ಟವನ್ನು ಸಾಹೇಬರು ಓದುವ ತಮಿಳಿಗೆ ತಿರುಗಿಸುವಾಗ ಒಂದಕ್ಕೆರಡು ಸೇರಿಸುತ್ತೇನೆ. "ಏನ್ ಬರ್ದಿದ್ದಯಪ್ಪ?" ಎಂದು ಪಿಂಚಣಿಗೆ ಬಂದ ಪುಟ್ಟಬಸಮ್ಮ ಕೇಳಿದರೆ, "ನಿನ್ ಹಕ್ಕು ಕೇಳಿವ್ನಿ ಕಣವ್ವ, ಬಿಕ್ಸ ಅಲ್ಲ" ಎನ್ನುತ್ತೇನೆ. ಹೋದ ವರ್ಷ ನಮ್ಮೂರ ಶಾಲೆಗೆ ಕನ್ನಡ ಮೇಷ್ಟ್ರು ಬೇಕೆಂದು ನಾಲ್ಕು ಪುಟ ಬರೆದು, ಊರವರ ಹೆಬ್ಬೆಟ್ಟು ಒತ್ತಿಸಿ, ಬಸ್ಸು ಹತ್ತಿ ದಿಂಬಂ ಘಾಟಿ ಇಳಿದು ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆ. ಸಾಹೇಬರು ಪೂರ್ತಿ ಓದಿ ತಲೆದೂಗಿದರು. "ಇಷ್ಟು ಸೊಗಸಾಗಿ ತಮಿಳು ಬರೀತೀರಲ್ಲ, ನಿಮ್ಮೂರಿಗೆ ಕನ್ನಡ ಮೇಷ್ಟ್ರು ಯಾಕೆ?" ಎಂದು ತಮಿಳಲ್ಲೇ ಕೇಳಿ ಅರ್ಜಿ ವಾಪಸು ಕೊಟ್ಟರು. ನಾನು ಕೈಮುಗಿದು ಬಂದೆ. ಹಾಸನೂರು ದಾಟುವವರೆಗೂ ಬಸ್ಸಿನಲ್ಲಿ ಬೀಗುತ್ತಲೇ ಇದ್ದೆ, ಆಮೇಲೆ ಅರ್ಥವಾಯಿತು. ಹಟಕ್ಕೆ ಅದನ್ನೇ ಕನ್ನಡದಲ್ಲಿ ಬರೆಯಲು ಕೂತರೆ ನನ್ನ ಹೆಸರಿನಿಂದಾಚೆಗೆ ಪೆನ್ನು ಹೋಗಲಿಲ್ಲ. ನಾನು ಓದಿದ್ದೂ ಅದೇ ಶಾಲೆಯಲ್ಲಿ. ಇದನ್ನೂ ನಾನು ಬರೀ ಹೇಳುತ್ತಿದ್ದೇನೆ. ಬರೆಯುತ್ತಿರುವವಳು ಚಾಮರಾಜನಗರದಲ್ಲಿ ಓದಿ ಬಂದ ಸೊಸೆ ಚೈತ್ರ.