ಬರೆದವನ ಹೆಸರು

ತಂತ್ರಾಂಶ ಬರೆಯುವವರು ತಮ್ಮ ಕೋಡ್ ಇಟ್ಟುಕೊಳ್ಳಲೆಂದು ನಾನೂ ಡೊಂಬಿವಲಿಯ ನನ್ನ ಗೆಳೆಯನೂ ಆರು ವರ್ಷ ಸಂಬಳವಿಲ್ಲದೆ ಒಂದು ಮುಕ್ತ ತಾಣವನ್ನು ಕಟ್ಟಿದೆವು. ಅದರ ಉಸ್ತುವಾರಿಯನ್ನು ಕಂಪನಿಯೊಂದಕ್ಕೆ ಒಪ್ಪಿಸುವ ಮಾತು ಬಂದಾಗ ಅವನು ಸಿಡಿದೆದ್ದ. ತಾಣದ ಇಡೀ ಕೋಡಿನ ಪ್ರತಿ ತೆಗೆದುಕೊಂಡು ಬೇರೆ ಯೋಜನೆ ಶುರುಮಾಡಿದ. ಹಳೆಯದರಲ್ಲೇ ಉಳಿದ ನಾನು ಅವನನ್ನು ದ್ರೋಹಿ ಎಂದು ಎಲ್ಲರೂ ಓದುವ ಕಡೆ ಬರೆದೆ.

ನಮ್ಮವರಲ್ಲಿ ಒಂದು ಪದ್ಧತಿಯಿದೆ. ಯಾರ ಕೋಡನ್ನು ಯಾರು ಬೇಕಾದರೂ ಒಯ್ಯಬಹುದು, ಆದರೆ ಬರೆದವನ ಹೆಸರು ಅದರ ಜೊತೆಗೇ ಹೋಗಬೇಕು. ಈಚೆಗೆ ಎರಡೂ ಕಡೆ ಪಾಸ್‌ವರ್ಡ್ ಸೋರುವ ಒಂದೇ ದೋಷ ಕಂಡಿತು. ಅವನು ಹದಿನೆಂಟು ಸಾಲು ಬರೆದು ಮೊದಲು ಸರಿಮಾಡಿದ. ಆ ಸಾಲುಗಳನ್ನು ನಾನು ಎತ್ತಿಕೊಂಡೆ. ಅವನ ಹೆಸರು ಕಂಡರೆ ಮೈ ಉರಿಯುತ್ತಿತ್ತು. ಅಳಿಸಿ ನನ್ನದನ್ನು ಹಾಕಿದೆ.

ಭಾನುವಾರ ಅವನು ನನ್ನನ್ನು ನೌಪಾಡಾದ ಹೋಟೆಲಿಗೆ ಕರೆದ. ಜಗಳಕ್ಕೆ ಸಿದ್ಧನಾಗಿಯೇ ಹೋದೆ. ಎದುರಿಗಿದ್ದ ದೋಸೆಯನ್ನು ಇಬ್ಬರೂ ಮುಟ್ಟಲಿಲ್ಲ.

"ಕೋಡ್ ತಗೊಂಡದ್ದು ಚಲ್ತಾ ಹೈ ಮಾರಾಯ. ಹೆಸರು ಯಾಕೆ ತೆಗ್ದದ್ದು?" ಎಂದ.

"ಬಿಟ್ಟು ಹೋದವನ ಹೆಸರು ನಮ್ಮಲ್ಲಿ ಯಾಕೆ ಇರ್ಬೇಕು?" ಎಂದು ರೇಗಿದೆ.

ಅವನು ತನ್ನ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ. ಅದು ಅವನ ಯೋಜನೆಯ ತಿದ್ದುಪಡಿಗಳ ಪಟ್ಟಿ. ಬೇರೆಯಾದ ಮೇಲೆ ನನ್ನಿಂದ ಒಯ್ದ ಒಂದೊಂದು ತಿದ್ದುಪಡಿಯ ಎದುರೂ ನನ್ನ ಹೆಸರಿತ್ತು. ದ್ರೋಹಿ ಎಂದು ನಾನು ಬೈದ ದಿನವೇ ಸೇರಿಸಿಕೊಂಡದ್ದರ ಎದುರೂ.