ಎರಡಾದ ಮೇಲೆ ನಾಲ್ಕು

ನಮ್ಮಪ್ಪನ ಲೆಕ್ಕದಲ್ಲಿ ಎರಡಾದ ಮೇಲೆ ನಾಲ್ಕು ಬರುತ್ತಿತ್ತು. ಮೂರು ಎಂಬ ಅಂಕಿ ಹಿಡಿದ ಕೆಲಸ ಕೆಡಿಸುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಬೇರೆಯವರು ಹೇಳಿ ಸುಮ್ಮನಾಗುತ್ತಿದ್ದರು, ಅಪ್ಪ ಸುಮ್ಮನಾಗುವ ಪೈಕಿ ಅಲ್ಲ. ತಾಟಿನಲ್ಲಿ ಎರಡು ರೊಟ್ಟಿ ಬಿದ್ದ ಮೇಲೆ ಮುಂದಿನ ರೊಟ್ಟಿಯನ್ನು ಅವ್ವ ಮುರಿದು ಎರಡು ತುಂಡು ಮಾಡಿಯೇ ಹಾಕಬೇಕು. ಎರಡು ರೊಟ್ಟಿ, ಎರಡು ತುಂಡು, ಕೂಡಿಸಿದರೆ ನಾಲ್ಕು. ಏಳಕ್ಕೂ ನಮ್ಮ ಮನೆಯಲ್ಲಿ ಜಾಗವಿರಲಿಲ್ಲ. ಉಣ್ಣುತ್ತ ಕೂತವನ ಮುಂದೆ ‘ಏಳು’ ಅಂದರೆ ಎದ್ದು ಹೋಗು ಅಂದಂತಲ್ಲವೇ? ಹೀಗೆ ಮೂರು ಹೋಯಿತು, ಏಳು ಹೋಯಿತು, ಅವುಗಳ ಬೆನ್ನು ಹತ್ತಿ ಹದಿಮೂರು, ಹದಿನೇಳು ಕೂಡ ಹೋದವು.

ನಾನೋ ಮಿಶ್ರಿಕೋಟಿಯಲ್ಲಿ ಮಕ್ಕಳಿಗೆ ಗಣಿತ ಕಲಿಸುವ ಮಾಸ್ತರ. ಸಮಸಂಖ್ಯೆಗೊಂದು ನಿಯಮವಿದೆ, ಬೆಸಸಂಖ್ಯೆಗೊಂದು ನಿಯಮವಿದೆ. ಒಂದು, ಎರಡು, ನಾಲ್ಕು, ಐದು, ಆರು, ಎಂಟು ಎಂದು ಕುಂಟುತ್ತ ಹೋಗುವ ಈ ಸರಣಿಯ ನಿಯಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಅದರ ಮೊದಲ ಬಲಿಯೂ ನಾನೇ. ಇಬ್ಬರು ಅಕ್ಕಂದಿರ ಬೆನ್ನಿಗೆ ಹುಟ್ಟಿದ ನನ್ನನ್ನು ಅಪ್ಪ ಎಲ್ಲರಿಗೂ ‘ನಮ್ಮ ನಾಲ್ಕನೇಂವ’ ಎಂದೇ ಹೇಳುತ್ತಿದ್ದ.

ಇಂಥ ಅಪ್ಪ ಕನ್ಯೆ ನೋಡಲು ಹೊರಟರೆ ಮದುವೆ ಆಗುವುದುಂಟೇ? ಒಂದು ಮನೆಗೆ ಮೂರು ಮೆಟ್ಟಿಲಿದ್ದವೆಂದು ಅಂಗಳದಿಂದಲೇ ತಿರುಗಿ ಬಂದ. ಇನ್ನೊಂದು ಕಡೆ ಹುಡುಗಿಯ ಅಣ್ಣ ತಟ್ಟೆಯಲ್ಲಿ ಮೂರು ಬಾಳೆಹಣ್ಣು ತಂದಿಟ್ಟ, ಮಾತು ಅಲ್ಲಿಗೇ ಮುರಿಯಿತು. ನನ್ನ ಓರಗೆಯವರ ಮಕ್ಕಳು ಆಗಲೇ ನನ್ನ ಹತ್ತಿರ ಮಗ್ಗಿ ಕಲಿಯಲು ಬರುತ್ತಿದ್ದವು. ಆ ಮಕ್ಕಳ ಮುಖ ನೋಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಕುಬಿಹಾಳದ ಸಂಬಂಧ ಬಂದದ್ದು ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ. ಅಪ್ಪ, ಸೋದರಮಾವ, ಅಕ್ಕ ಮತ್ತು ನಾನು ಹೋಗುವುದೆಂದಾಗಿತ್ತು. ಹೊರಡುವ ಹೊತ್ತಿಗೆ ಅಕ್ಕನ ಕೂಸಿಗೆ ಜ್ವರ ಬಂದು ಉಳಿದವರು ಮೂವರಾದೆವು. ಅಪ್ಪ ಹಿತ್ತಲಿಗೆ ಹೋಗಿ ಮುಷ್ಟಿಗಾತ್ರದ ಒಂದು ಕಲ್ಲು ತಂದು ಮಾವನ ಕೈಗಿಟ್ಟ. “ಇದು ನಾಲ್ಕನೇದು. ಜ್ವಾಕಿ!” ಅಂದ. ಮೂವರೇ ಹೊರಟಾಗ ಕಿಸೆಯಲ್ಲೊಂದು ಕಲ್ಲು ಹಾಕಿಕೊಳ್ಳುವುದು ನಮ್ಮಲ್ಲಿ ಇದ್ದದ್ದೇ. ಆದರೆ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದಾಗ ಅಪ್ಪ ಅದನ್ನು ಸೀಟಿನ ಮೇಲೆ ಕೂರಿಸಿದ. ನಿಂತಿದ್ದ ಒಬ್ಬ ಮುದುಕ “ಸ್ವಲ್ಪ ಸರೀರಿ” ಅಂದರೆ, “ಮಂದಿ ಕುಂತಾರ, ಕಾಣವಲ್ದೇನು?” ಎಂದು ಗದರಿದ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಹುಡುಗಿಯ ಮನೆಯಲ್ಲಿ ಮಾವ ಕಲ್ಲನ್ನು ಚಪ್ಪಲಿಗಳ ಬಾಜು ಕಟ್ಟೆಯ ಮೇಲಿಟ್ಟು ಒಳಗೆ ಬಂದ. ಅವಲಕ್ಕಿ, ಚಹಾ ಆದವು. ಹುಡುಗಿಯ ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳುತ್ತ ವಿಚಾರಣೆ ಶುರು ಮಾಡಿದಳು.

“ಹುಡುಗಾ ಎಷ್ಟನೇಂವ್ರಿ?”

“ನಾಲ್ಕನೇಂವ್ರಿ,” ಅಂದ ಅಪ್ಪ.

“ಮ್ಯಾಲಿನವ್ರು?”

“ಇಬ್ರು ಹೆಣ್ಣಮಕ್ಕಳ್ರಿ.”

ಅಜ್ಜಿಯ ಬಾಯಿ ಅಗಿಯುವುದನ್ನು ನಿಲ್ಲಿಸಿತು. “ಮೂರನೇಂವ ಎಲ್ಲಿ ಅದಾನ್ರಿ?”

“ಇಲ್ರಿ.”

“ಅಯ್ಯ ಶಿವನ! ಏನಾಗಿತ್ತ್ರಿ?”

“ಏನೂ ಆಗಿಲ್ರಿ. ಹುಟ್ಟೇ ಇಲ್ಲ.”

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯತನಕ ನೋಡಿದಳು. ಮನೆಯಲ್ಲೊಬ್ಬ ಹುಚ್ಚ ಮಗನನ್ನು ಕಟ್ಟಿಹಾಕಿ ಬಂದಿದ್ದೇವೆ ಎಂದೇ ಅವಳು ತಿಳಿದಿರಬೇಕು. ಮಾವ ನಡುವೆ ಬಾಯಿ ಹಾಕಿ ಅಪ್ಪನ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದ. ಬಾಗಿಲ ಹತ್ತಿರ ತಲೆತಗ್ಗಿಸಿ ಕೂತಿದ್ದ ಹುಡುಗಿಯ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ಅವಳು ನಗುತ್ತಿದ್ದಳು.

“ಏನರ ಕೇಳೂದಿದ್ರ ಕೇಳವಾ,” ಅಂದ ಮಾವ.

ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು. “ಸಾಲ್ಯಾಗ ಹುಡುಗ್ರಿಗೂ ಎರಡರ ಮ್ಯಾಲೆ ನಾಲ್ಕಂತ ಕಲಸ್ತೀರೇನ್ರಿ?”

“ಇಲ್ರಿ, ಸಾಲ್ಯಾಗ ಮೂರು ಐತ್ರಿ,” ಅಂದೆ. ಆ ಕ್ಷಣಕ್ಕೇ ನಿರ್ಧರಿಸಿಬಿಟ್ಟೆ: ಮದುವೆಯಾದರೆ ಇವಳನ್ನೇ, ಇಲ್ಲದಿದ್ದರೆ ಮಗ್ಗಿ ಹೇಳಿಸುತ್ತ ಮುದುಕನಾಗುವುದೇ.

“ಊರಿಗೆ ಹೋಗಿ ತಿಳಸ್ತೀವ್ರಿ,” ಎಂದು ಅಪ್ಪ ಎದ್ದ. ಹೊರಗೆ ಬಂದು ನೋಡಿದರೆ ಕಟ್ಟೆಯ ಮೇಲೆ ಚಪ್ಪಲಿಗಳಿವೆ, ಕಲ್ಲು ಇಲ್ಲ.

“ಕಲ್ಲೇನ್ರಿ?” ಅಂದ ಹುಡುಗಿಯ ಅಪ್ಪ. “ಕುರಿ ಕಾಯಾಂವ ಬಂದಿದ್ದ. ಗೂಟ ಬಡೀಲಿಕ್ಕೆ ಬೇಕಂದ. ಯಾರದೋ ಬಿದ್ದೈತಿ ಅಂತ ನಾನಽ ಕೊಟ್ಟೆ. ಅಂವ ಈಗ ಯಾವ ಹೊಲದಾಗ ಅದಾನೋ ಏನೋ.”

ಅಪ್ಪನ ಮುಖ ಕಪ್ಪಿಟ್ಟಿತು. ಇನ್ನೊಂದು ಕಲ್ಲು ಹುಡುಕಿದರಾಯಿತು ಅಂದಿರಾ? ನಮ್ಮ ಮಿಶ್ರಿಕೋಟಿಯಲ್ಲಿ ಎಡವಿದರೆ ಕಲ್ಲು. ಕುಬಿಹಾಳದ್ದು ಎರೆಭೂಮಿ, ಹೊಲ ಹೊಲ ತಿರುಗಿದರೂ ಹಕ್ಕಿ ಹೊಡೆಯುವಷ್ಟು ಕಲ್ಲು ಸಿಗುವುದಿಲ್ಲ. ಹುಡುಗಿಯ ಅಪ್ಪ, ಅಜ್ಜಿ, ನನ್ನ ಮಾವ ಎಲ್ಲರೂ ನೆಲ ನೋಡುತ್ತ ಓಣಿಯಲ್ಲಿ ಅಡ್ಡಾಡಿದರು. ಊರ ಅಗಸಿಬಾಗಿಲ ಹತ್ತಿರ ಕಡೇ ಬಸ್ಸು ಹಾರ್ನ್ ಹಾಕತೊಡಗಿತು.

“ಮನ್ಯಾಗ ಬೀಸೂ ಕಲ್ಲ ಒಂದೈತಿ, ಒಯ್ತೀರೇನ್ರಿ?” ಅಂದಳು ಅಜ್ಜಿ. ಅವಳು ಚೇಷ್ಟೆ ಮಾಡಿದಳೋ ನಿಜವಾಗಿ ಕೇಳಿದಳೋ ಇಂದಿಗೂ ಗೊತ್ತಿಲ್ಲ.

ಮಾವ ಒಂದು ಒಣ ಮಣ್ಣಿನ ಹೆಂಟೆ ತಂದ. ಕಿಸೆಗೆ ಹಾಕುವಾಗ ಅದು ಎರಡಾಯಿತು. “ಈಗ ಐದು, ಅಡ್ಡಿಯಿಲ್ಲ,” ಅಂದ ಅಪ್ಪ. ಅಷ್ಟರಲ್ಲಿ ಅದು ಪುಡಿಯಾಗಿ ಮಾವನ ಕಿಸೆಯ ತೂತಿನಿಂದ ಸುರಿಯತೊಡಗಿತು. ಅಪ್ಪ ಎಣಿಸುವುದನ್ನು ಬಿಟ್ಟ.

“ಅಪಶಕುನ ಆತು,” ಎಂದು ಟೊಪಿಗೆ ತೆಗೆದು ತಲೆ ಕೆರೆದುಕೊಂಡ. “ಹೆಂಗ ಬಂದಿದ್ವಿ ಹಂಗ ಹೊಂಟಿಲ್ಲ. ಈ ಸಂಬಂಧ...”

ಅಪ್ಪನ ಮಾತು ಪೂರ್ತಿಯಾಗುವ ಮೊದಲು ಬಾಗಿಲ ಮರೆಯಿಂದ ಹುಡುಗಿಯ ದನಿ ಬಂತು.

“ಮಾಸ್ತರನ್ನ ನಮ್ಮ ಕಡೆ ಲೆಕ್ಕಕ್ಕ ಹಿಡದಬಿಡ್ರಿ. ಅಳಿಯಾ ಅಂದ್ರ ಈ ಮನ್ಯಾಂವ ಆದ. ಆವಾಗ ನೀವು ಇಬ್ಬರಽ ಆಗ್ತೀರಿ.”

ಎಲ್ಲರೂ ಬಾಗಿಲ ಕಡೆ ನೋಡಿದರು. ಅಜ್ಜಿ “ಏ ಮಬ್ಬಿ, ಬಾಯಿ ಮುಚ್ಚ ಬೇ!” ಎಂದು ಬೈದಳು. ಅಪ್ಪ ಮಾತ್ರ ಬೈಯಲಿಲ್ಲ, ಒಪ್ಪಲೂ ಇಲ್ಲ. ಮಾವನನ್ನು ನೋಡಿ ಒಂದು ಬೆರಳು ಮಡಚಿದ, ತನ್ನನ್ನು ಮುಟ್ಟಿಕೊಂಡು ಇನ್ನೊಂದು ಮಡಚಿದ. ನನ್ನನ್ನು ನೋಡಿದ. ಬೆರಳು ಅಲ್ಲಿಯೇ ನಿಂತಿತು. ಬಸ್ಸು ಮತ್ತೆ ಕೂಗಿತು. ಅಪ್ಪ ಬಿರಬಿರನೆ ನಡೆದ, ನಾವಿಬ್ಬರು ಹಿಂದೆ ಓಡಿದೆವು.

ಒಪ್ಪಿಗೆಯೋ ಅಲ್ಲವೋ ತಿಳಿಯಲಿಲ್ಲ. ಕೇಳಲು ಧೈರ್ಯವಿರಲಿಲ್ಲ. ಮಾವನಿಗೂ ಇರಲಿಲ್ಲ. ಬಸ್ಸು ಊರು ದಾಟಿದ ಮೇಲೆ ಕಂಡಕ್ಟರ್ ಬಂದ.

“ಹುಬ್ಬಳ್ಳಿ ಎರಡು ಕೊಡ್ರಿ,” ಅಂದ ಅಪ್ಪ.

ಕಂಡಕ್ಟರ್ ನಮ್ಮನ್ನು ಎಣಿಸಿದ. “ಮೂರ ಮಂದಿ ಅದೀರಲ್ರಿ?”

“ಎರಡಽ ನಮ್ಮವು,” ಅಪ್ಪ ನನ್ನ ಕಡೆ ಕೈ ತೋರಿಸಿದ. “ಇಂವಗ ಬ್ಯಾರೆ ಟಿಕೀಟ ಹರೀರಿ. ಇಂವ ಕುಬಿಹಾಳದವರ ಅಳಿಯಾ.”